ಹಂಚಿನ ಮನೆಗೆ ಬೆಳಕು: ಬಲ್ಬು ಕೊಳ್ಳುವ ಮೊದಲು ಕೇಳಬೇಕಾದದ್ದು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹಳೇ ಹಂಚಿನ ಮನೆಗಳಲ್ಲಿ ವಯರಿಂಗ್ ಕೆಲಸ ನನ್ನದು. "ಮನೆ ತುಂಬ ಕತ್ತಲೆ, ಇನ್ನೆರಡು ಬಲ್ಬು ಹಾಕಿ" ಅಂತ ಯಜಮಾನರು ಫೋನು ಮಾಡುತ್ತಾರೆ. ನಾನು ಹೋದ ಕೂಡಲೇ ಬಲ್ಬು ಹಾಕುವುದಿಲ್ಲ. ಮನೆಯಲ್ಲಿ ಇರುವವರನ್ನೆಲ್ಲ ಬೇರೆ ಬೇರೆಯಾಗಿ ಕೇಳುತ್ತೇನೆ: ಯಾವ ಹೊತ್ತಿಗೆ, ಎಲ್ಲಿ ಕೂತು, ಏನು ಕೆಲಸ ಮಾಡ್ತೀರಿ? ಫೋನು ಮಾಡಿದವರಿಗೆ ಗೊತ್ತೇ ಇಲ್ಲದ ಕಷ್ಟ ಆಗ ಹೊರಗೆ ಬರುತ್ತದೆ.

ಪೆರ್ಲದ ಹತ್ತಿರದ ಒಂದು ಮನೆಯ ಕೆಲಸ ಹೇಳುತ್ತೇನೆ. ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ಸುತ್ತ ಅಡಕೆ ತೋಟ. ಅಂಗಳಕ್ಕೆ ಪೂರ್ತಿ ಶೀಟು ಹಾಕಿಸಿದ್ದರು. ಈ ಶೀಟು ಈಗ ನಮ್ಮ ಕಡೆ ಎಲ್ಲಿ ನೋಡಿದರೂ ಉಂಟು. ಮಳೆಗೆ ಅಂಗಳ ಒದ್ದೆಯಾಗುವುದಿಲ್ಲ, ಅಡಕೆ ಗೋಣಿ ಇಡಲು ಜಾಗ ಸಿಗುತ್ತದೆ. ಅದು ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಚಾವಡಿಯ ಕಿಟಕಿಯಿಂದ ಕಾಣುತ್ತಿದ್ದ ಆಕಾಶ ಅದರಿಂದ ಮುಚ್ಚಿಹೋಗುತ್ತದೆ. ಮನೆಯೊಳಗಿನ ಹಗಲ ಬೆಳಕೆಲ್ಲ ಬರುವುದು ಆಕಾಶದಿಂದ ತಾನೇ? ಕೆಲಸ ಮಾಡುವ ಜಾಗದಲ್ಲಿ ಕೂತು ಕಿಟಕಿ ಕಡೆ ನೋಡಿ. ಒಂದು ತುಂಡು ಆಕಾಶವೂ ಕಾಣದಿದ್ದರೆ ಅಲ್ಲಿ ನಡುಹಗಲಲ್ಲೂ ಲೈಟು ಬೇಕಾಗುತ್ತದೆ.

ನಮ್ಮಂಥ ಸೆಕೆ ಮತ್ತು ತೇವದ ಊರುಗಳಲ್ಲಿ ಕೋಣೆಯ ನೆಲದ ಆರನೇ ಒಂದು ಪಾಲಿನಷ್ಟು ಕಿಟಕಿ ಬೇಕು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಆ ಚಾವಡಿ 12 ಅಡಿಗೆ 15 ಅಡಿ. ಅಂದರೆ 30 ಚದರಡಿ ಕಿಟಕಿ ಬೇಕು. ಇದ್ದದ್ದು 2 ಅಡಿ ಅಗಲ, 3 ಅಡಿ ಎತ್ತರದ ಎರಡು ಕಿಟಕಿ, ಒಟ್ಟು 12 ಚದರಡಿ. ಮೇಲೆ ಅಟ್ಟದ ಭಾರ ಇರುವ ಹಳೇ ಗೋಡೆಯನ್ನು ಒಡೆಸುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಅದರ ಬದಲು ಕಿಟಕಿಗಳ ಎದುರಿಗೆ ಬರುವ ಶೀಟುಗಳನ್ನು ಮಾತ್ರ ತೆಗೆಸಿ, ಅಲ್ಲಿ ಬೆಳಕು ಬಿಡುವ ಪಾಲಿಕಾರ್ಬೊನೇಟ್ ಶೀಟು ಹಾಕಿಸಿದೆವು. ಚಾವಡಿಯ ಗೋಡೆಗೆ ಬಿಳಿ ಸುಣ್ಣ ಬಳಿಸಿದೆವು. ಹಗಲು ಪೇಪರು ಓದಲು ಅಷ್ಟು ಸಾಕಾಯಿತು.

ಅಡಿಗೆಮನೆಯದ್ದೇ ದೊಡ್ಡ ಕೆಲಸ. ಸೌದೆ ಒಲೆಯ ಹೊಗೆಗೆ ಹಂಚು ಹೊರುವ ಪಕ್ಕಾಸು, ರೀಪಿನ ಮರಪಟ್ಟಿ, ಹಂಚಿನ ಅಡಿ ಎಲ್ಲ ಮಸಿ ಹಿಡಿದು ಕಪ್ಪಾಗಿತ್ತು. ಕಪ್ಪು ಮಾಡು ಇದ್ದರೆ ಎಷ್ಟು ಲೈಟು ಉರಿಸಿದರೂ ಮೇಲಕ್ಕೆ ಹೋದದ್ದು ತಿರುಗಿ ಬರುವುದಿಲ್ಲ. ಹಿಂದಿನ ಗೋಡೆಯಲ್ಲಿ ಒಂದು ಟ್ಯೂಬ್ ಲೈಟ್ ಇತ್ತು. ಮನೆಯ ಸೊಸೆ ಹೇಳಿದ್ದು ಇಷ್ಟು: "ಲೈಟು ಉಂಟು ಅಣ್ಣಾ. ತರಕಾರಿ ಹೆಚ್ಚುವಾಗ ನನ್ನ ನೆರಳೇ ಅಡ್ಡ ಬರ್ತದೆ." ಅವರನ್ನು ದಿನಾ ನಿಲ್ಲುವ ಹಾಗೆ ನಿಲ್ಲಿಸಿ, ಹೆಚ್ಚುವ ಮಣೆಯ ಮೇಲೆ ಲಕ್ಸ್ ಮೀಟರ್ ಇಟ್ಟೆ. ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತದೆ ಅನ್ನುವುದರ ಅಳತೆ ಲಕ್ಸ್. 50ರ ಹತ್ತಿರ ತೋರಿಸಿತು. ಅಡಿಗೆಮನೆಗೆ 200 ಲಕ್ಸ್, ಪಾತ್ರೆ ತೊಳೆಯುವ ಜಾಗಕ್ಕೆ 300 ಅನ್ನುವುದು ನಮ್ಮ ದೇಶದ ಮಾನದಂಡ. ಅವರು ಪಕ್ಕಕ್ಕೆ ಸರಿದದ್ದೇ ಮೀಟರಿನ ಅಂಕಿ ಏರಿತು. ಲೈಟಿನ ಶಕ್ತಿ ಸಾಲದೆ ಆದ ತೊಂದರೆ ಅಲ್ಲ ಅದು, ಲೈಟು ಇದ್ದ ಜಾಗದ್ದು.

ಕಟ್ಟೆಯ ಮೇಲಿನ ಶೆಲ್ಫಿನ ಅಡಿಗೆ, ಮುಂದಿನ ಅಂಚಿಗೆ ಎರಡಡಿಯ ಎಲ್‌ಇಡಿ ಪಟ್ಟಿ ಕೂರಿಸಿದೆ. ಕಣ್ಣಿಗೆ ನೇರ ಕುಕ್ಕದಂತೆ ಎದುರಿಗೊಂದು ಮರದ ರೀಪು ಹೊಡೆದೆ. ಈಗ ಬೆಳಕು ಅವರ ಮುಂದಿನಿಂದ ಬೀಳುತ್ತದೆ, ಮೀಟರ್ 250 ದಾಟುತ್ತದೆ. ಹಗಲಿಗೆ ಉತ್ತರದ ಮಾಡಿನಲ್ಲಿ ಕನ್ನಡಿ ಹಂಚು, ಅಂದರೆ ಬೆಳಕು ಬಿಡುವ ಗಾಜಿನ ಹಂಚು ಹಾಕಿದೆವು. ಉತ್ತರವೇ ಯಾಕೆ ಅಂದರೆ, ಚಳಿಗಾಲದ ಬಿಸಿಲು ದಕ್ಷಿಣದಿಂದ ಬರುತ್ತದೆ, ಆ ಮಾಡಿಗೆ ಓರೆಯಾಗಿ ಮಾತ್ರ ತಾಗುತ್ತದೆ. ಏಪ್ರಿಲ್ ಕೊನೆಗೆ ಸೂರ್ಯ ನಮ್ಮ ನೆತ್ತಿಗೇ ಬರುತ್ತಾನೆ, ಆಮೇಲೆ ಉತ್ತರಕ್ಕೂ ಸರಿಯುತ್ತಾನೆ. ಮಳೆ ಹಿಡಿಯುವವರೆಗೆ ಹಂಚಿನ ಕೆಳಗೆ ತೆಳು ಬಿಳಿ ಬಟ್ಟೆ ಕಟ್ಟಿದರೆ ಆಯಿತು.

ಅಜ್ಜಿಯ ಮಾತು ನನಗೆ ಎಲ್ಲಕ್ಕಿಂತ ಮುಖ್ಯ. "ಲೈಟು ಕಣ್ಣಿಗೆ ಕುತ್ತುತ್ತದೆ ಮಗಾ, ಅಕ್ಷರ ಮಾತ್ರ ಕಾಣುವುದಿಲ್ಲ" ಅಂದರು. ಹಾಸಿಗೆಯ ಎದುರು ಗೋಡೆಯಲ್ಲಿ ಬೋಳು ಬಲ್ಬು, ನೇರ ಮುಖಕ್ಕೆ. 60 ವರ್ಷದ ಕಣ್ಣಿನೊಳಗೆ ಮುಟ್ಟುವ ಬೆಳಕು 20ರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಪಾಲು. ಹಾಗೆಂದು ದೊಡ್ಡ ಬಲ್ಬು ಹಾಕಿದರೆ ಕುಕ್ಕುವುದೂ ಹೆಚ್ಚುತ್ತದೆ. ಅದೇ 9 ವ್ಯಾಟಿನ ಬಲ್ಬನ್ನು ಶೇಡಿನೊಳಗೆ ಹಾಕಿ, ಅವರ ಎಡ ಹೆಗಲ ಹಿಂದೆ, ಮೊದಲಿನ ಅರ್ಧ ದೂರಕ್ಕೆ ತಂದೆ. ದೂರ ಅರ್ಧವಾದರೆ ಬೀಳುವ ಬೆಳಕು ನಾಲ್ಕು ಪಟ್ಟು. ಕರೆಂಟು ಬಿಲ್ಲಿಗೆ ಒಂದು ಪೈಸೆ ಜಾಸ್ತಿ ಇಲ್ಲ. ರಾತ್ರಿ ಬಚ್ಚಲಿಗೆ ಹೋಗುವ ದಾರಿಗೆ ಮೊಣಕಾಲಿನ ಎತ್ತರದಲ್ಲಿ ಒಂದು ಸಣ್ಣ ಹಳದಿ ಲೈಟು. ಹಾಸಿಗೆಯ ಬಳಿ ಮತ್ತು ಬಾಗಿಲ ಬಳಿ, ಎರಡೂ ಕಡೆ ಅದಕ್ಕೆ ಸ್ವಿಚ್ಚು.

ಯಜಮಾನರದ್ದು ಚಾಲಿ, ಅಂದರೆ ಒಣಗಿಸಿ ಸುಲಿದ ಅಡಕೆ ವಿಂಗಡಿಸುವ ಕೆಲಸ. ರಾತ್ರಿ ಬೇರೆ ಮಾಡಿಟ್ಟ ಒಳ್ಳೆಯ ಅಡಕೆಯ ರಾಶಿಯಲ್ಲಿ ಬೆಳಗ್ಗೆ ನೋಡಿದರೆ ಪಟೋರ, ಕರಿಗೋಟಿನಂಥ ಕೆಳ ದರ್ಜೆಯ ಅಡಕೆ ಸಿಗುತ್ತಿತ್ತಂತೆ. ಇದಕ್ಕೆ ಬೆಳಕು ಎಷ್ಟಿದೆ ಅನ್ನುವುದರ ಜೊತೆ ಬಣ್ಣ ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವುದೂ ಬೇಕು. ಬಣ್ಣ ತೋರಿಸುವ ಈ ಗುಣದ ಅಂಕಿಯನ್ನು ಬಲ್ಬಿನ ಪೆಟ್ಟಿಗೆಯ ಮೇಲೆ ಸಿಆರ್‌ಐ ಅಂತ ಬರೆದಿರುತ್ತದೆ. ಹಿಂದಿನ ಫಿಲಮೆಂಟ್ ಬಲ್ಬಿನದು 100ರ ಹತ್ತಿರ, ಸಾಮಾನ್ಯ ಎಲ್‌ಇಡಿಯದು 80ರ ಆಸುಪಾಸು. 90 ಇರುವ ಬಿಳಿ ಲೈಟನ್ನು ವಿಂಗಡಿಸುವ ಜಾಗದ ಮೇಲೆ ಮಾತ್ರ ತೂಗಿಸಿದೆ. ಬೆಲೆ ಸ್ವಲ್ಪ ಹೆಚ್ಚು, ಮನೆಯಿಡೀ ಅದು ಬೇಕಾಗಿಲ್ಲ.

ಕೆಲಸ ಮುಗಿದ ದಿನ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ, ಆ ಮಾತನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯಲ್ಲಿ ಮತ್ತೆ ಹೋಗಿ ಕೇಳುತ್ತೇನೆ. ಆ ಮನೆಯಲ್ಲಿ ಅಜ್ಜಿಗೂ ಯಜಮಾನರಿಗೂ ತೃಪ್ತಿ ಇತ್ತು. ಸೊಸೆಗೆ ಮಾತ್ರ ಕನ್ನಡಿ ಹಂಚು ಮಂಕಾಗಿದೆ ಅನ್ನಿಸಿತ್ತು. ಹತ್ತಿ ನೋಡಿದರೆ ಪಾಚಿ, ತರಗೆಲೆ. ತೊಳೆದು ಬಂದೆ. ಇನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವವರು ಬಂದಾಗ ಅವರಿಂದಲೇ ಕನ್ನಡಿ ಹಂಚನ್ನೂ ಉಜ್ಜಿಸಿಕೊಳ್ಳಿ ಅಂತ ಹೇಳಿದ್ದೇನೆ.