ತುಂಬೆಗೊಂದು ಪಾತಿ

ಮೂರು ವರ್ಷದ ಹಿಂದೆ ಶಿವರಾತ್ರಿಗೆ ಅತ್ತೆ ಒಂದು ಹಿಡಿ ತುಂಬೆ ಹೂ ಕೇಳಿದ್ದರು. ಕಾಸರಗೋಡಿನ ಬದಿಯಡ್ಕದ ನಮ್ಮ ಹಿತ್ತಿಲು, ಗುಡ್ಡೆ ಎಲ್ಲ ತಡಕಿದರೂ ಸಿಕ್ಕಿದ್ದು ಏಳೇ ಹೂ. ಸಿಗುವುದಾದರೂ ಹೇಗೆ? ಸತತ ಎರಡು ವರ್ಷ ತೋಟದ ಬದಿಗೆಲ್ಲ ಕಳೆನಾಶಕ ಹೊಡೆಸಿದವಳು ನಾನೇ.

ನೆರೆಯವರ ಖಾಲಿ ಜಾಗದಲ್ಲಿ ಒಣಗಿ ನಿಂತಿದ್ದ ಗಿಡಗಳನ್ನು ತಂದು, ಪತ್ರಿಕೆಯ ಹಾಳೆಯ ಮೇಲೆ ತಲೆಕೆಳಗೆ ಹಿಡಿದು ತಟ್ಟಿದೆ. ಗೊಂಚಲಿನ ಪ್ರತಿ ಪುಟ್ಟ ಕೊಳವೆಯ ತಳದಲ್ಲಿ ಹೆಚ್ಚೆಂದರೆ ನಾಲ್ಕು ಕಂದು ಬೀಜ. ಆ ಮಳೆಗಾಲ ಅವನ್ನು ಕುಂಡದಲ್ಲಿ ಹಾಕಿ, ಹಟ್ಟಿಗೊಬ್ಬರ ತುಂಬಿ, ಅಡಿಕೆ ಮರದ ನೆರಳಿನಲ್ಲಿಟ್ಟೆ. ಎಲೆಯೋ ಎಲೆ! ಹೂವು ಮಾತ್ರ ಲೆಕ್ಕಕ್ಕೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಬುಡವೇ ಕೊಳೆಯಿತು.

ಮರುವರ್ಷ ಉಪಚಾರ ಬಿಟ್ಟೆ. ದನದ ಹಟ್ಟಿಯ ಹಿಂದೆ, ಇಡೀ ದಿನ ಬಿಸಿಲು ಬೀಳುವ ಮುರಕಲ್ಲು (ಜಂಬಿಟ್ಟಿಗೆ) ಮಣ್ಣಿನ ಇಳಿಜಾರಿನಲ್ಲಿ ಪತ್ತನಾಜೆ (ಮೇ ಕೊನೆಯ ವಾರ) ಕಳೆದ ಮೇಲೆ ಬೀಜಕ್ಕೆ ಹೊಯಿಗೆ, ಅಂದರೆ ಮರಳು, ಬೆರೆಸಿ ಎರಚಿದೆ. ಮೇಲೆ ಮಣ್ಣು ಮುಚ್ಚದೆ ಅಂಗೈಯಿಂದ ಒತ್ತಿದೆ, ಅಷ್ಟೇ. ಗೊಬ್ಬರವಿಲ್ಲ. ಕಮ್ಯುನಿಸ್ಟ್ ಗಿಡವೆಂಬ ಕಳೆ ನುಗ್ಗದಂತೆ ಆಗಾಗ ಕಿತ್ತದ್ದು ಬಿಟ್ಟರೆ ಬೇರೆ ಕೆಲಸವೂ ಇರಲಿಲ್ಲ. ಸಸಿ ಎಳೆಯದಾಗಿದ್ದಾಗ ಕಳೆ ಯಾವುದು, ತುಂಬೆ ಯಾವುದು ಎಂಬ ಗೊಂದಲ ಇದ್ದೇ ಇರುತ್ತದೆ. ತುಂಬೆ ತುಳಸಿಯ ಕುಟುಂಬದ್ದಾದ್ದರಿಂದ ಕಾಂಡ ಚೌಕವಾಗಿರುತ್ತದೆ, ಬೆರಳಲ್ಲಿ ಹೊರಳಿಸಿದರೆ ಗೊತ್ತಾಗುತ್ತದೆ. ಗೇಣುದ್ದ ಬಂದಾಗ ತುದಿ ಚಿವುಟಿದೆ. ಬದಿಯಿಂದ ಕವಲೊಡೆದು ಗೊಂಚಲು ಹೆಚ್ಚಾದವು.

ಸೋಣ ತಿಂಗಳಿಗೆ (ಆಗಸ್ಟ್-ಸೆಪ್ಟೆಂಬರ್) ಇಳಿಜಾರು ಬೆಳ್ಳಗಾಯಿತು. ಕಚ್ಚದ ಪುಟ್ಟ ಮುಜಂಟಿ ಜೇನುಗಳ ಸಂಭ್ರಮ ಹೇಳಿ ಸುಖವಿಲ್ಲ. ಓಣಂ ಪೂಕಳಕ್ಕೆಂದು (ಹೂವಿನ ರಂಗೋಲಿಗೆ) ನೆರೆಮನೆಯ ಮಕ್ಕಳು "ತುಂಬಪ್ಪೂ ಉಂಡೋ ಚೇಚೀ?" (ತುಂಬೆ ಹೂ ಉಂಟಾ ಅಕ್ಕ?) ಎನ್ನುತ್ತ ಬಂದರು. ತುಂಬೆ ಕೊಯ್ಯುವುದು ತಾಳ್ಮೆಯ ಕೆಲಸ: ಬಿಳಿ ಎಸಳನ್ನಷ್ಟೇ ಮೆಲ್ಲನೆ ಎಳೆಯಬೇಕು, ಗೊಂಚಲು ಮುರಿಯಬಾರದು. ಮುರಿದರೆ ಮುಂದಿನ ವರ್ಷದ ಬೀಜವೂ ಹೋಯಿತು. ಮಕ್ಕಳಿಗೆ ಇದನ್ನು ಎರಡು ಸಲ ಹೇಳಬೇಕಾಯಿತು, ದೊಡ್ಡವರಿಗೆ ನಾಲ್ಕು ಸಲ.

ಒಣಗಿದ ಗಿಡವನ್ನು ನಾನು ಕೂಡಲೇ ಕೀಳುವುದಿಲ್ಲ. ಬೀಜ ಉದುರಿದ ಮೇಲೆ ಕಡ್ಡಿಗಳನ್ನು ಹಟ್ಟಿಯಲ್ಲಿ ಸೊಳ್ಳೆಗೆ ಹೊಗೆ ಹಾಕುತ್ತೇವೆ. ಹುಲ್ಲು ಕತ್ತರಿಸುವ ಯಂತ್ರ ತರುವವನಿಗೆ ಗುರುತಾಗಲೆಂದು ಗೂಟಕ್ಕೆ ಹಳೆಯ ಕೆಂಪು ಸೀರೆಯ ಚೂರು ಕಟ್ಟಿದ್ದೇನೆ. "ಕಳೆಗೂ ಕಾವಲಾ ಅಕ್ಕ?" ಎಂದು ಅವನು ನಕ್ಕ.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ಮಳೆಗಾಲದ ಗಿಡ ಶಿವರಾತ್ರಿಯ ಹೊತ್ತಿಗೆ ಒಣಗಿ ಕಡ್ಡಿಯಾಗಿರುತ್ತದೆ. ಅದಕ್ಕೆ ದೀಪಾವಳಿ ಕಳೆದ ಮೇಲೆ ಬಚ್ಚಲಿನ ನೀರು ಹರಿದುಹೋಗುವ ಕಣಿಯ (ಕಾಲುವೆಯ) ಏರಿಯಲ್ಲಿ ಇನ್ನೊಂದು ಹಿಡಿ ಬೀಜ ಚೆಲ್ಲಿದೆ. ಈ ಸಲದ ಶಿವರಾತ್ರಿಗೆ ಹಿಡಿ ಪೂರ್ತಿ ತುಂಬಲಿಲ್ಲ, ಮುಕ್ಕಾಲಾಯಿತು. ಉಳಿದದ್ದಕ್ಕೆ ಅತ್ತೆ ಬಿಲ್ವಪತ್ರೆ ಸೇರಿಸಿಕೊಂಡರು.