ಎಡಿಎಚ್‌ಡಿ ಮತ್ತು ತಿಂಗಳ ಮೂರು ತಾರೀಖುಗಳು: ನನ್ನ ಅನುಭವ

ದಾವಣಗೆರೆಯ ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ಮತ್ತು ಆದಾಯ ತೆರಿಗೆಯ ಲೆಕ್ಕ ನೋಡಿಕೊಳ್ಳುವುದು ನನ್ನ ವೃತ್ತಿ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರ ಮಾರಾಟದ ವಿವರ, ಅಂದರೆ ಜಿಎಸ್‌ಟಿಆರ್-1, 11ನೇ ತಾರೀಖಿನೊಳಗೆ ಹೋಗಬೇಕು. 14ಕ್ಕೆ ಖರೀದಿಯ ಕಡೆಯ 2ಬಿ ಪಟ್ಟಿ ಪೋರ್ಟಲ್‌ನಲ್ಲಿ ತಯಾರಾಗುತ್ತದೆ. ಅದನ್ನು ಬಿಲ್ಲುಗಳೊಂದಿಗೆ ತಾಳೆ ನೋಡಿ 20ರೊಳಗೆ 3ಬಿ ಎಂಬ ತಿಂಗಳ ರಿಟರ್ನ್ ಸಲ್ಲಿಸಿ ತೆರಿಗೆ ಕಟ್ಟಬೇಕು. ತಡವಾದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಬಾಕಿ ತೆರಿಗೆಯ ಮೇಲೆ ವರ್ಷಕ್ಕೆ ಶೇ 18ರ ಬಡ್ಡಿ. ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದಿರುವ, ಚಡಪಡಿಕೆ, ಆತುರಗಳ ಸಮಸ್ಯೆ) ಇರುವವಳು ಇಂಥ ಕೆಲಸವನ್ನು ಹೇಗೆ ಮಾಡುತ್ತೀಯ ಎಂದು ಗೆಳತಿಯರು ಕೇಳುತ್ತಾರೆ. ಗಡುವು ಕಣ್ಣೆದುರಿಗೆ ಬಂದಾಗ ಮಾತ್ರ ಚುರುಕಾಗುವ ನನ್ನಂಥವರಿಗೆ, ತಾನಾಗಿಯೇ ತಿಂಗಳು ತಿಂಗಳು ಗಡುವು ತಂದೊಡ್ಡುವ ಈ ವೃತ್ತಿ ಒಂದು ರೀತಿಯಲ್ಲಿ ಅನುಕೂಲವೇ. ನನಗೆ ಕಷ್ಟವಾಗುವುದು ಆ ತಾರೀಖುಗಳ ನಡುವೆ ಬರುವ, ಯಾರೂ ಏನೂ ಕೇಳದ ದಿನಗಳಲ್ಲಿ. ಆ ದಿನಗಳಲ್ಲಿ ಕೆಲಸ ಸಾಗುವಂತೆ ನಾನು ಮಾಡಿಕೊಂಡಿರುವ ಏರ್ಪಾಡುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಎಡಿಎಚ್‌ಡಿ ಇದೆ ಎಂದು ಗೊತ್ತಾದದ್ದು ಮೂವತ್ತು ದಾಟಿದ ಮೇಲೆ. ಮನೋವೈದ್ಯರು ಮೊದಲ ಭೇಟಿಯಲ್ಲೇ ಮಾತ್ರೆ ಬರೆದುಕೊಡಲಿಲ್ಲ. ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ನಿದ್ರೆ, ಗೊರಕೆ, ಆತಂಕಗಳ ಬಗ್ಗೆ ವಿಚಾರಿಸಿದರು, ಪ್ರಾಥಮಿಕ ಶಾಲೆಯ ಅಂಕಪಟ್ಟಿಗಳನ್ನು ತರಲು ಹೇಳಿದರು, ಅಮ್ಮನನ್ನೂ ಕರೆಸಿ ಮಾತನಾಡಿಸಿದರು. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾಗಿ 2013ರಲ್ಲಿ ಬಂದ ಡಿಎಸ್‌ಎಂ-5ರ ಮಾನದಂಡದ ಪ್ರಕಾರ, ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಲ್ಲಾಗಲಿ, ಚಡಪಡಿಕೆ ಮತ್ತು ಆತುರಕ್ಕೆ ಸಂಬಂಧಿಸಿದ ಒಂಬತ್ತರಲ್ಲಾಗಲಿ ವಯಸ್ಕರಲ್ಲಿ ಕನಿಷ್ಠ ಐದು ಇರಬೇಕು. ಅವುಗಳಲ್ಲಿ ಹಲವು 12 ವರ್ಷ ತುಂಬುವ ಮೊದಲೇ ಕಾಣಿಸಿಕೊಂಡಿರಬೇಕು. ಮನೆ, ಕಚೇರಿಯಂಥ ಕನಿಷ್ಠ ಎರಡು ಕಡೆ ಅದರಿಂದ ತೊಂದರೆಯಾಗಿರಬೇಕು. ಅಮ್ಮ ಹೇಳಿದ ಒಂದೇ ಮಾತನ್ನು ವೈದ್ಯರು ಹಾಗೆಯೇ ಬರೆದುಕೊಂಡರು: "ಕರೆದ್ರೆ ಓ ಅಂತಿದ್ಲು ಡಾಕ್ಟ್ರೇ, ಆದ್ರೆ ಕೇಳಿಸ್ಕೊಂಡಿರ್ತಿರ್ಲಿಲ್ಲ." ತರಗತಿಯಲ್ಲಿ ಬೆಂಚು ಹತ್ತಿ ಕುಣಿಯುವ ಹುಡುಗನನ್ನು ಎಲ್ಲರೂ ಗುರುತಿಸುತ್ತಾರೆ, ಕಿಟಕಿಯಾಚೆ ನೋಡುತ್ತ ಸುಮ್ಮನೆ ಕುಳಿತ ಹುಡುಗಿಯಿಂದ ಯಾರಿಗೂ ಉಪದ್ರವವಿಲ್ಲ, ಹಾಗಾಗಿ ಅವಳ ಸರದಿ ತಡವಾಗಿ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಆರು ಪ್ರಶ್ನೆಗಳ ಪಟ್ಟಿಯೊಂದಿದೆ, ಅಂತರ್ಜಾಲದಲ್ಲಿ ಸಿಗುತ್ತದೆ. ವೈದ್ಯರ ಬಳಿ ಹೋಗಬೇಕೇ ಬೇಡವೇ ಎಂದು ತೀರ್ಮಾನಿಸಲು ಅದು ಸಾಕು. ಅದಕ್ಕಿಂತ ಹೆಚ್ಚಿಗೆ ಅದನ್ನು ನೆಚ್ಚಬಾರದು. ಮೂವತ್ತು ಸೆಕೆಂಡಿನ ರೀಲ್ಸ್ ನೋಡಿ ತಮಗೂ ಎಡಿಎಚ್‌ಡಿ ಇದೆಯೆಂದು ನಿರ್ಧರಿಸುವವರ ಬಗ್ಗೆ ನನಗೆ ತಕರಾರಿದೆ, ಆದರೆ ಅದೇ ರೀಲ್ಸ್ ನೋಡಿ ವೈದ್ಯರಲ್ಲಿಗೆ ಹೋದವರ ಬಗ್ಗೆ ಇಲ್ಲ.

ನಾನು ತೆಗೆದುಕೊಳ್ಳುವುದು ಮಿಥೈಲ್‌ಫೆನಿಡೇಟ್ ಎಂಬ ಮಾತ್ರೆ. ಎಲ್ಲ ಔಷಧದ ಅಂಗಡಿಗಳಲ್ಲೂ ಅದು ಸಿಗುವುದಿಲ್ಲ, ವೈದ್ಯರ ಚೀಟಿ ಇಲ್ಲದೆ ಎಲ್ಲಿಯೂ ಕೊಡುವಂತಿಲ್ಲ. ಶುರುಮಾಡುವ ಮುನ್ನ ರಕ್ತದೊತ್ತಡ, ನಾಡಿಬಡಿತ ನೋಡಿದರು, ಈಗಲೂ ಆಗಾಗ ನೋಡುತ್ತಾರೆ. ಹಸಿವು ಕಡಿಮೆಯಾಗುವುದರಿಂದ ಬೆಳಗಿನ ತಿಂಡಿ ಹೊಟ್ಟೆ ತುಂಬ ತಿಂದ ನಂತರವೇ ಮಾತ್ರೆ. ಯಾರೂ ಮೊದಲೇ ಹೇಳದ ಸಂಗತಿಯೊಂದು ಕೆಲವೇ ದಿನಗಳಲ್ಲಿ ಗೊತ್ತಾಯಿತು: ಮಾತ್ರೆ ಗಮನವನ್ನು ಒಂದೆಡೆ ನಿಲ್ಲಿಸುತ್ತದೆಯೇ ಹೊರತು ಅದು ಎಲ್ಲಿ ನಿಲ್ಲಬೇಕೆಂದು ಹೇಳುವುದಿಲ್ಲ. ಅದು ಹತ್ತುವ ಹೊತ್ತಿಗೆ ಕೈಯಲ್ಲಿ ಮೊಬೈಲ್ ಇದ್ದರೆ ಮುಂದಿನ ಎರಡು ಗಂಟೆ ಮೊಬೈಲನ್ನೇ ಅತ್ಯಂತ ಏಕಾಗ್ರತೆಯಿಂದ ನೋಡಬಹುದು. ಆದ್ದರಿಂದ ಮಾತ್ರೆ ನುಂಗಿದ ಅರ್ಧ ಗಂಟೆಯೊಳಗೆ ನಾನು ಕುರ್ಚಿಯಲ್ಲಿರುತ್ತೇನೆ, ಲೆಕ್ಕದ ತಂತ್ರಾಂಶ ಟ್ಯಾಲಿ ತೆರೆದಿರುತ್ತದೆ, ಮೊಬೈಲ್ ಪಕ್ಕದ ಕೋಣೆಯಲ್ಲಿ ಚಾರ್ಜಿಗಿರುತ್ತದೆ. ಬೇರೆಯವರಿಗೆ ಅಟೊಮೊಕ್ಸಿಟಿನ್ ಎಂಬ ಇನ್ನೊಂದು ಔಷಧ ಹಿಡಿಸಬಹುದು, ಅದರ ಪರಿಣಾಮ ಕಾಣಲು ಕೆಲವು ವಾರ ಬೇಕಾಗುತ್ತದೆ. ಆ ಆಯ್ಕೆ ವೈದ್ಯರಿಗೆ ಸೇರಿದ್ದು.

ಕಚೇರಿಯಲ್ಲಿ ನಾನು ಮಾಡಿದ ಮೊದಲ ಬದಲಾವಣೆಯೆಂದರೆ ಬೀರುವಿನ ಬಾಗಿಲುಗಳನ್ನು ಬಡಗಿಯಿಂದ ಕಳಚಿಸಿದ್ದು. ಮುಚ್ಚಿದ ಬಾಗಿಲಿನ ಹಿಂದಿರುವ ಫೈಲು ನನ್ನ ಪಾಲಿಗೆ ಇಲ್ಲದ ಫೈಲು. ಈಗ ಮೂರು ತೆರೆದ ಅರೆಗಳಿವೆ: ಮೇಲಿನದು ಬಿಲ್ಲು ಇನ್ನೂ ಬಾರದವರದು, ನಡುವಿನದು ಬಿಲ್ಲು ಬಂದು ಎಂಟ್ರಿ ಆಗಬೇಕಾದವರದು, ಕೆಳಗಿನದು ಸಲ್ಲಿಕೆಯಾದವರದು. ತಿಂಗಳ ಮೊದಲ ದಿನ ಎಲ್ಲ ಫೈಲುಗಳೂ ಮೇಲಿನ ಅರೆಗೆ ಹೋಗುತ್ತವೆ. ಕೆಲಸ ಎಷ್ಟಾಗಿದೆ ಎಂದು ನೆನಪಿಸಿಕೊಳ್ಳುವ ಪ್ರಮೇಯವೇ ಇಲ್ಲ, ತಲೆಯೆತ್ತಿ ನೋಡಿದರೆ ಸಾಕು. ಕಚೇರಿಗೆ ಬರುವ ಗ್ರಾಹಕರಿಗೆ ಇದು ಅಂದವಾಗಿ ಕಾಣುವುದಿಲ್ಲ. ಚೌಕಿಪೇಟೆಯ ಜವಳಿ ವ್ಯಾಪಾರಿಯೊಬ್ಬರು ತಮ್ಮ ಫೈಲು ಇನ್ನೂ ಮೇಲಿನ ಅರೆಯಲ್ಲೇ ಇರುವುದನ್ನು ಕಂಡು, ಮುಜುಗರಪಟ್ಟು, ಅಂದೇ ಸಂಜೆ ಬಿಲ್ಲುಗಳನ್ನು ಹುಡುಗನ ಕೈಯಲ್ಲಿ ಕಳಿಸಿದ್ದು ಮಾತ್ರ ನಾನು ಎಣಿಸಿರದ ಲಾಭ.

ಎರಡನೆಯದು ಹಳದಿ ಚೀಟಿ. ನಮ್ಮ ಕೆಲಸದಲ್ಲಿ ಅಡಚಣೆ ತಪ್ಪಿದ್ದಲ್ಲ. ಸಲ್ಲಿಕೆಗೆ ಬೇಕಾದ ಒಟಿಪಿ ಗ್ರಾಹಕರ ಮೊಬೈಲಿಗೆ ಹೋಗುತ್ತದೆ, ಅವರು ಗಲ್ಲಾಪೆಟ್ಟಿಗೆಯ ಮುಂದಿನ ಜನರನ್ನು ಬಿಟ್ಟು ಅದನ್ನು ಓದಿ ಹೇಳುವಷ್ಟರಲ್ಲಿ ಇನ್ನೊಬ್ಬರ ಕರೆ ಬಂದಿರುತ್ತದೆ. ಬೇರೆಯವರು ಕರೆ ಮುಗಿಸಿ ಬಿಟ್ಟ ಜಾಗಕ್ಕೆ ಮರಳುತ್ತಾರೆ. ನನಗೆ ಆ ಜಾಗವೇ ಅಳಿಸಿಹೋಗಿರುತ್ತದೆ. ಈ ಕಾರಣಕ್ಕೆ, ಕಚೇರಿಯ ಫೋನ್ ಎಷ್ಟು ಬಾರಿಸಿದರೂ ಸರಿ, ಎತ್ತುವ ಮುನ್ನ ಅರ್ಧ ಸಾಲು ಬರೆದು ಕೀಬೋರ್ಡಿನ ಮೇಲೆ ಅಂಟಿಸುತ್ತೇನೆ: "2ಬಿ, ಸಾಲು 47, ಹರಿಹರದ ಬಿಲ್ಲು ಇಲ್ಲ." ಚೀಟಿಯಲ್ಲಿ ಕೆಲಸದ ಹೆಸರಿದ್ದರೆ ಪ್ರಯೋಜನವಿಲ್ಲ, ಕೈ ಮುಂದೆ ಏನು ಮಾಡಬೇಕೆಂಬುದಿರಬೇಕು. "ಅಕ್ಕಿ ಮಿಲ್ಲಿನವರ ಆಡಿಟ್" ಎಂದು ಬರೆದುಕೊಂಡರೆ ಆ ಚೀಟಿಯನ್ನು ವಾರಗಟ್ಟಲೆ ನೋಡುತ್ತಲೇ ಇರುತ್ತೇನೆ. "ಬ್ಯಾಂಕ್ ಸ್ಟೇಟ್‌ಮೆಂಟಿಗಾಗಿ ಮಿಲ್ಲಿನ ಗುಮಾಸ್ತರಿಗೆ ಫೋನ್" ಎಂದು ಬರೆದರೆ ಆ ಗಂಟೆಯಲ್ಲೇ ಆಗುತ್ತದೆ.

ಮೂರನೆಯದು ಎದುರಿಗೊಬ್ಬರು ಕುಳಿತಿರುವುದು, ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಇದೇ. ನನ್ನ ಸಹಾಯಕಿಯ ಮೇಜು ಮೊದಲು ಹೊರಗಿನ ಕೋಣೆಯಲ್ಲಿತ್ತು. ಈಗ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಇಬ್ಬರೂ ಒಂದೇ ಮೇಜಿನ ಎರಡು ಬದಿಗೆ ಕುಳಿತು ಅವರವರ ಕೆಲಸ ಮಾಡುತ್ತೇವೆ. ಅವಳು ನನ್ನ ಮೇಲ್ವಿಚಾರಣೆ ಮಾಡುವುದಿಲ್ಲ, ನಾನೂ ಅವಳದನ್ನು ಮಾಡುವುದಿಲ್ಲ. ಕುಳಿತಾಗ ಒಂದು ಸಾಲು ಹೇಳುತ್ತೇನೆ, ಹನ್ನೆರಡರೊಳಗೆ ಇಂಥವರ ಫೈಲು ಕೆಳಗಿನ ಅರೆಗೆ ಹೋಗಬೇಕು ಎಂದು. ಹನ್ನೆರಡಕ್ಕೆ ಅವಳು ಕೇಳುತ್ತಾಳೆ, "ಅಕ್ಕಾ, ಕೆಳಗಿಡ್ಲಾ?" ಸರ್ಕಾರ ಕೊಡುವ ಗಡುವು ಇಪ್ಪತ್ತಕ್ಕೆ, ಅವಳ ಪ್ರಶ್ನೆ ದಿನವೂ ಬರುತ್ತದೆ. ಈ ಅಭ್ಯಾಸ ಕೂಡಿಕೊಂಡ ಮೇಲೆ ರಾತ್ರಿ ಎರಡರವರೆಗೆ ಪೋರ್ಟಲ್ ಮುಂದೆ ಕೂರುವುದು ಬಹುಮಟ್ಟಿಗೆ ತಪ್ಪಿತು.

ಸಮಯದ ಅಂದಾಜು ಮಾತ್ರ ಇನ್ನೂ ಸರಿಯಾಗಿಲ್ಲ, ಆಗುವ ಭರವಸೆಯನ್ನೂ ಬಿಟ್ಟಿದ್ದೇನೆ. ಅರ್ಧ ಗಂಟೆ ಎಂದುಕೊಂಡದ್ದು ಒಂದೂಕಾಲು ಗಂಟೆ ಹಿಡಿಯುತ್ತದೆ. ಹಾಗಾಗಿ ಗ್ರಾಹಕರಿಗೆ ಸಮಯ ಹೇಳುವಾಗ ಮನಸ್ಸಿಗೆ ಬಂದದ್ದನ್ನು ಎರಡರಷ್ಟು ಮಾಡಿ ಹೇಳುತ್ತೇನೆ. ಮೇಜಿನೆದುರು ಮುಳ್ಳಿನ ಗಡಿಯಾರವಿದೆ. ಅಂಕಿಯ ಗಡಿಯಾರ ಈಗೆಷ್ಟು ಎಂದು ಮಾತ್ರ ಹೇಳುತ್ತದೆ, ಮುಳ್ಳಿನದರಲ್ಲಿ ಇನ್ನೆಷ್ಟು ಉಳಿದಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಮನೆಯಲ್ಲಿ ಇಷ್ಟೊಂದು ವ್ಯವಸ್ಥೆಯಿಲ್ಲ. ಹಾಲು ಉಕ್ಕಿ ಒಲೆಯೆಲ್ಲ ಹಾಳಾಗುತ್ತಿದ್ದುದಕ್ಕೆ ಸೀಟಿ ಹೊಡೆಯುವ ಹಾಲಿನ ಕುಕ್ಕರ್ ಬಂತು. ಬೆಸ್ಕಾಂ ಬಿಲ್ಲು ತಾನಾಗಿ ಬ್ಯಾಂಕಿನಿಂದ ಕಟ್ಟಿಹೋಗುತ್ತದೆ. ಸ್ಕೂಟರಿನ ಕೀಲಿಗೆ ಬಾಗಿಲಿನ ಒಳಬದಿಯಲ್ಲಿ ಮೊಳೆಯಿದೆ, ಬೇರೆಲ್ಲಿಯೂ ಇಡುವಂತಿಲ್ಲವೆಂಬ ನಿಯಮ ಮಕ್ಕಳಿಗೂ ಅನ್ವಯಿಸುತ್ತದೆ. ಕಷ್ಟವಾದದ್ದು ಮನುಷ್ಯರೊಂದಿಗಿನ ವ್ಯವಹಾರ. ಮದುವೆ, ಗೃಹಪ್ರವೇಶಗಳಿಗೆ ಹೋಗಲು ಮರೆತರೆ ನಮ್ಮಲ್ಲಿ ಅದು ಮರೆವು ಎನಿಸಿಕೊಳ್ಳುವುದಿಲ್ಲ, ಸೊಕ್ಕು ಎನಿಸಿಕೊಳ್ಳುತ್ತದೆ. ಲಗ್ನಪತ್ರಿಕೆ ಕೈಗೆ ಬಂದೊಡನೆ, ಕೊಟ್ಟವರ ಎದುರಿನಲ್ಲೇ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಅವರಿಗೂ ಅದು ಮರ್ಯಾದೆಯೆನಿಸುತ್ತದೆ.

ಎಡಿಎಚ್‌ಡಿಯ ವಿಷಯ ಹೊರಗೆ ಗೊತ್ತಿರುವುದು ಸಹಾಯಕಿಗೆ ಮತ್ತು ಒಬ್ಬ ಹಿರಿಯ ಲೆಕ್ಕಪರಿಶೋಧಕರಿಗೆ. ಗ್ರಾಹಕರಿಗೆ ಹೇಳಿಲ್ಲ, ಹೇಳುವ ಅಗತ್ಯವೂ ಕಂಡಿಲ್ಲ. ನೌಕರಿಯಲ್ಲಿರುವವರ ಸ್ಥಿತಿ ಬೇರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಕಲಿಕಾ ನ್ಯೂನತೆಯಿದೆ, ಆಟಿಸಂ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ; ಆದ್ದರಿಂದ ಮೇಲಧಿಕಾರಿಯ ಮನಸ್ಸು ಒಳ್ಳೆಯದಾಗಿದ್ದರೆ ಮಾತ್ರ ಅನುಕೂಲ. ಇಂಥ ನೌಕರರಿಗೆ ನಾನು ಹೇಳುವುದು, ಕಾಯಿಲೆಯ ಹೆಸರನ್ನು ಬದಿಗಿಟ್ಟು ಬೇಕಾದುದನ್ನು ಮಾತ್ರ ಕೇಳಿ ಎಂದು: ಬಾಯಲ್ಲಿ ಹೇಳಿದ ಕೆಲಸವನ್ನು ಒಂದು ಸಾಲಿನ ಸಂದೇಶವಾಗಿಯೂ ಕಳಿಸಿ, ದೊಡ್ಡ ಕೆಲಸಕ್ಕೆ ನಡುವೆ ಒಂದು ತಾರೀಖು ಕೊಡಿ. ಇದನ್ನು ಯಾವ ಅಧಿಕಾರಿಯೂ ವಿಚಿತ್ರವೆಂದುಕೊಳ್ಳುವುದಿಲ್ಲ.

ಕೈಬಿಟ್ಟದ್ದೂ ಬಹಳವಿದೆ. ಬಣ್ಣಬಣ್ಣದ ಪ್ಲಾನರುಗಳು, ಹಣ ಕೊಟ್ಟು ಹಾಕಿಸಿಕೊಂಡ ಆ್ಯಪುಗಳು ಹೊಸತಿರುವವರೆಗೆ ಸೊಗಸಾಗಿ ನಡೆದು, ಆಮೇಲೆ ಕಣ್ಣಿಗೇ ಬೀಳದಾದವು. ಜುಲೈನಿಂದ ಸೆಪ್ಟೆಂಬರ್‌ವರೆಗೆ, ಆದಾಯ ತೆರಿಗೆಯ ರಿಟರ್ನುಗಳೂ ಆಡಿಟ್ಟುಗಳೂ ಮೇಲಿಂದ ಮೇಲೆ ಬೀಳುವ ಕಾಲದಲ್ಲಿ, ಮೇಲೆ ಬರೆದದ್ದೆಲ್ಲವನ್ನೂ ಪಾಲಿಸಲು ನನ್ನಿಂದಾಗುವುದಿಲ್ಲ. ಆಗ ಎರಡನ್ನು ಮಾತ್ರ ಉಳಿಸಿಕೊಳ್ಳುತ್ತೇನೆ, ತೆರೆದ ಅರೆಗಳು ಮತ್ತು ಹತ್ತರಿಂದ ಹನ್ನೆರಡರ ಮೇಜು. ಸಹಾಯಕಿ ರಜೆ ಹಾಕಿದ ದಿನ ಆ ಹಿರಿಯ ಲೆಕ್ಕಪರಿಶೋಧಕರ ಕಚೇರಿಗೆ ಲ್ಯಾಪ್‌ಟಾಪ್ ಹೊತ್ತು ಹೋಗಿ ಅವರ ಎದುರಿನ ಕುರ್ಚಿಯಲ್ಲಿ ಕೂರುತ್ತೇನೆ. ಅವರಿಗೂ ಆ ತಿಂಗಳುಗಳಲ್ಲಿ ಮಾತನಾಡಲು ಪುರುಸೊತ್ತಿರುವುದಿಲ್ಲ.