ಮುಳಗುಂದದಿಂದ ಮುಂಡರಗಿಯವರೆಗೆ ಕಂಪನ ಮಾಪಕಗಳನ್ನು ಹೂಳಿದ ಅನುಭವ

ಗದಗ ಜಿಲ್ಲೆಯ ಮುಳಗುಂದದಿಂದ ಮುಂಡರಗಿಗೆ ನೇರ ಗೆರೆ ಎಳೆದರೆ ಸುಮಾರು 38 ಕಿಲೋಮೀಟರ್ ಆಗುತ್ತದೆ. ನಡುವೆ ಕಪ್ಪತಗುಡ್ಡದ ಸಾಲು ಅಡ್ಡ ಬರುತ್ತದೆ. ಈ ಗೆರೆಯುದ್ದಕ್ಕೂ ಹದಿನಾಲ್ಕು ಕಂಪನ ಮಾಪಕಗಳನ್ನು ಒಂದು ತಿಂಗಳ ಕಾಲ ನೆಲದಲ್ಲಿ ಹೂಳಿಟ್ಟು, ಮತ್ತೆ ಕಿತ್ತು ತಂದು, ಅವುಗಳೊಳಗಿನ ದಾಖಲೆಯನ್ನು ಇಳಿಸಿಕೊಳ್ಳುವ ಹೊಣೆ ಕೆಲವು ವರ್ಷಗಳ ಹಿಂದೆ ನನ್ನ ಮೇಲಿತ್ತು. ಕಪ್ಪತಗುಡ್ಡವು 2019ರಿಂದ ವನ್ಯಜೀವಿ ಧಾಮವಾಗಿರುವುದರಿಂದ ಅರಣ್ಯದ ಗಡಿಯೊಳಗೆ ಹೋಗದೆ, ಎರಡೂ ಕಡೆಯ ತಪ್ಪಲಿನ ಪಟ್ಟಾ ಹೊಲಗಳನ್ನೇ ಆರಿಸಿಕೊಂಡೆವು. ಹೀಗಾಗಿ ಉಳಿದೆಡೆ ಮೂರು ಕಿಲೋಮೀಟರಿನ ಆಸುಪಾಸಿನಲ್ಲಿದ್ದ ಅಂತರ ಗುಡ್ಡ ಬಂದಲ್ಲಿ ಹಿಗ್ಗಿತು.

ನಮ್ಮ ಬಳಿ ಇದ್ದವು ನೋಡ್ ಎಂದು ಕರೆಯುವ ಚಿಕ್ಕ ಡಬ್ಬಿಗಳು. ಒಳಗೆ ಮೂರು ಜಿಯೋಫೋನ್‌ಗಳಿರುತ್ತವೆ, ಒಂದು ಮೇಲೆ ಕೆಳಗೆ ಆಗುವ ಅಲುಗಾಟಕ್ಕೆ, ಉಳಿದೆರಡು ಅಡ್ಡ ಅಲುಗಾಟಕ್ಕೆ. ಅಯಸ್ಕಾಂತದ ಸುತ್ತ ಸ್ಪ್ರಿಂಗಿಗೆ ತೂಗುಬಿದ್ದ ತಂತಿಸುರುಳಿಯೇ ಜಿಯೋಫೋನ್. ನೆಲ ಅಲುಗಿದಾಗ ಅಯಸ್ಕಾಂತವೂ ಅದರ ಜೊತೆ ಅಲುಗುತ್ತದೆ, ಸುರುಳಿ ಹಿಂದುಳಿಯುತ್ತದೆ, ಆ ವ್ಯತ್ಯಾಸದಿಂದ ಹುಟ್ಟುವ ವಿದ್ಯುತ್ತನ್ನು ಡಬ್ಬಿ ಸೆಕೆಂಡಿಗೆ ನೂರು ಸಲ ಬರೆದಿಟ್ಟುಕೊಳ್ಳುತ್ತದೆ. ಬ್ಯಾಟರಿ, ಮೆಮೊರಿ, ಜಿಪಿಎಸ್ ಎಲ್ಲವೂ ಒಳಗೇ ಇರುವುದರಿಂದ ಹೊರಗೆ ಒಂದು ವೈರೂ ಕಾಣುವುದಿಲ್ಲ. ಸೋಲಾರ್ ಪ್ಲೇಟು ಇಟ್ಟು ಅದನ್ನು ಕಾಯಲು ಆಳು ಇಟ್ಟ ಹಿಂದಿನ ಅನುಭವವಿದ್ದ ನನಗೆ ಇದೇ ದೊಡ್ಡ ನೆಮ್ಮದಿಯಾಗಿತ್ತು.

ಫೆಬ್ರವರಿಯಲ್ಲಿ ಕೆಲಸ ಶುರು ಮಾಡಿದೆವು. ಕಡಲೆ ಕಿತ್ತಾಗಿತ್ತು, ಮಳೆಯ ಭಯವಿರಲಿಲ್ಲ. ಆದರೆ ಒಬ್ಬ ರೈತನಿಗೂ ಏನೂ ಹೇಳದೆ ಗುದ್ದಲಿ ಹಾಕುವಂತಿರಲಿಲ್ಲ. ಈ ಸೀಮೆಯಲ್ಲಿ ಹಿಂದೆ ಬಂಗಾರದ ಗಣಿಗಳಿದ್ದವು. ಗುಡ್ಡದಲ್ಲಿ ಮತ್ತೆ ಗಣಿಗಾರಿಕೆ ಬೇಡವೆಂದು ಜನ ಹೋರಾಡಿದ್ದಾರೆ. ಹೊಲಕ್ಕೆ ಉಪಕರಣ ಹಿಡಿದು ಬಂದವರನ್ನು ಅವರು ಸಂಶಯದಿಂದ ನೋಡುವುದರಲ್ಲಿ ತಪ್ಪೇನಿಲ್ಲ. ಮೊದಲ ಹೊಲದ ಹಿರಿಯರು ಕೇಳಿದ್ದೂ ಅದನ್ನೇ: “ಏನ್ರಿ ಸಾಹೇಬ್ರ, ಬೋರಿನ ಪಾಯಿಂಟ್ ನೋಡಾಕ ಬಂದೀರೋ, ಬಂಗಾರ ನೋಡಾಕ ಬಂದೀರೋ?” ಎರಡೂ ಅಲ್ಲ, ನೆಲದ ನಡುಕವನ್ನು ಬರೆದಿಡುವ ಡಬ್ಬಿ ಇದು ಎಂದು ಹೇಳಿ, ಅವರ ಕೈಗೇ ಕೊಟ್ಟೆ. ಕಿಲ್ಲಾರಿ ಭೂಕಂಪದ ಮಾತು ಬಂತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ತಮ್ಮ ಮನೆಯ ನಾಗಂದಿಗೆಯ ಮೇಲಿನ ಬೋಗುಣಿಗಳು ಗಡಗಡ ಸದ್ದು ಮಾಡಿದ್ದನ್ನು ಅವರು ನೆನಪಿಸಿಕೊಂಡರು. ಆಮೇಲೆ ಅವರೇ ಸಲಿಕೆ ತರಿಸಿದರು.

ತಗ್ಗು ತೋಡುವುದು ಹಗುರ ಕೆಲಸವೆಂದು ನೋಡುವವರಿಗೆ ಅನಿಸುತ್ತದೆ. ಮಸಾರಿ ಹೊಲದಲ್ಲಿ ಅದು ನಿಜವೂ ಹೌದು. ಒಂದು ಅಡಿ ತೋಡಿದರೆ ಗಟ್ಟಿ ಗರಸು ಸಿಗುತ್ತದೆ, ಡಬ್ಬಿಯ ಕೆಳಗಿನ ಮೊಳೆಯನ್ನು ಒತ್ತಿದರೆ ಕಚ್ಚಿಕೊಂಡು ನಿಲ್ಲುತ್ತದೆ. ಎರೆಹೊಲದ ಕಥೆಯೇ ಬೇರೆ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಫೆಬ್ರವರಿಯಲ್ಲಿ ಬಿರುಕು ಬಿಡಲು ಆರಂಭಿಸಿದ ನೆಲ ಮಾರ್ಚ್ ಹೊತ್ತಿಗೆ ಕೈ ಇಳಿಯುವಷ್ಟು ಬಾಯಿ ತೆರೆಯುತ್ತದೆ. ಬಿರುಕಿನ ಅಂಚಿನಲ್ಲಿ ಇಟ್ಟ ಡಬ್ಬಿ ವಾರದೊಳಗೆ ವಾಲುತ್ತದೆ, ವಾಲಿದ ಜಿಯೋಫೋನಿನ ಸುರುಳಿ ಅಂಚಿಗೆ ತಾಗಿ ಮೂಕವಾಗುತ್ತದೆ. ಅದಕ್ಕಾಗಿ ಬಿರುಕಿನಿಂದ ಬಿರುಕಿಗೆ ನಡುವಿನ ಅಗಲವಾದ ಹೆಂಟೆಯನ್ನು ಹುಡುಕಿ, ಅದರ ಮಧ್ಯದಲ್ಲೇ ತೋಡಿ, ತಳವನ್ನು ಕೈಯಿಂದ ಸಮ ಮಾಡಿ, ಡಬ್ಬಿಯ ಮೇಲಿನ ಗುಳ್ಳೆಮಟ್ಟ ನಡುವಿಗೆ ಬರುವವರೆಗೂ ಕೂತಿದ್ದೆ. ಸುತ್ತ ಮಣ್ಣು ತುಂಬುವಾಗ ಹೆಂಟೆಗಳನ್ನು ಪುಡಿ ಮಾಡಿಯೇ ತುಂಬಬೇಕು; ಡಬ್ಬಿಗೂ ಮಣ್ಣಿಗೂ ನಡುವೆ ಪೊಳ್ಳು ಉಳಿದರೆ ದಾಖಲಾಗುವುದು ನೆಲದ ಕಂಪನವಲ್ಲ, ಡಬ್ಬಿಯ ಕುಣಿತ.

ಆಳವಾಗಿ ಹೂತಷ್ಟೂ ಗಾಳಿಯ ಗದ್ದಲ ಕಡಿಮೆ. ಆದರೆ ಮೇಲೆ ನಾಲ್ಕು ಬೆರಳಿಗಿಂತ ಹೆಚ್ಚು ಮಣ್ಣು ಏರಿಸಲು ನಾನು ಒಪ್ಪಲಿಲ್ಲ. ದಪ್ಪ ಮಣ್ಣಿನಡಿ, ಅದರಲ್ಲೂ ಹಸಿ ಇದ್ದರೆ, ಜಿಪಿಎಸ್ ಸಂಕೇತ ತಪ್ಪಿಹೋಗುತ್ತದೆ. ಆಗ ಡಬ್ಬಿಯೊಳಗಿನ ಗಡಿಯಾರ ತನ್ನ ಪಾಡಿಗೆ ತಾನು ನಡೆಯುತ್ತದೆ. ಹತ್ತು ಲಕ್ಷದಲ್ಲಿ ಅರ್ಧ ಭಾಗದಷ್ಟು ತಪ್ಪುವ ಗಡಿಯಾರವೂ ದಿನಕ್ಕೆ 43 ಮಿಲಿಸೆಕೆಂಡ್ ಜಾರುತ್ತದೆ. ಕಂಪನದ ಮೊದಲ ಅಲೆ ಕಲ್ಲಿನಲ್ಲಿ ಸೆಕೆಂಡಿಗೆ ಆರು ಕಿಲೋಮೀಟರ್ ಓಡುವುದರಿಂದ, ಒಂದೇ ದಿನದ ಈ ಜಾರುವಿಕೆ ಲೆಕ್ಕದಲ್ಲಿ 260 ಮೀಟರಿನ ತಪ್ಪಾಗುತ್ತದೆ.

ಗುಡ್ಡದ ತಪ್ಪಲಿನಲ್ಲಿ ಉತ್ತರ ದಿಕ್ಕು ಗುರುತಿಸುವುದೇ ಕಷ್ಟವಾಯಿತು. ಮಾಪಕದ ಒಂದು ಬಾಣ ಉತ್ತರಕ್ಕೆ ನೆಟ್ಟಗಿರಬೇಕು, ಆದರೆ ಕಪ್ಪತಗುಡ್ಡದಲ್ಲಿ ಪಟ್ಟೆಪಟ್ಟೆಯಾದ ಕಬ್ಬಿಣದ ಕಲ್ಲು ಹಾಸಿದೆ. ದಿಕ್ಸೂಚಿ ಹಿಡಿದು ಹತ್ತು ಹೆಜ್ಜೆ ಸರಿದರೆ ಮುಳ್ಳು ಬೇರೆಡೆ ತಿರುಗುತ್ತಿತ್ತು. ಕೊನೆಗೆ ನೆರಳನ್ನು ನಂಬಿದೆವು. ಭಾರತೀಯ ಕಾಲಮಾನದ ರೇಖಾಂಶ 82.5 ಡಿಗ್ರಿ, ನಾವಿದ್ದದ್ದು 75.7ರ ಸುಮಾರಿನಲ್ಲಿ, ಡಿಗ್ರಿಗೆ ನಾಲ್ಕು ನಿಮಿಷದಂತೆ 27 ನಿಮಿಷ ತಡ, ಫೆಬ್ರವರಿ ನಡುವೆ ಸೂರ್ಯ ಇನ್ನೂ 14 ನಿಮಿಷ ಹಿಂದೆ. ಅಂದರೆ ಮಧ್ಯಾಹ್ನ 12 ಗಂಟೆ 41 ನಿಮಿಷಕ್ಕೆ ತೂಗುಗುಂಡಿನ ದಾರದ ನೆರಳು ನಿಜವಾದ ಉತ್ತರಕ್ಕೆ ಬೀಳುತ್ತದೆ. ಅಂಥ ನಾಲ್ಕು ನೆಲೆಗಳಿಗೆ ನಾಲ್ಕು ಮಧ್ಯಾಹ್ನಗಳು ಹೋದವು. ಜೊತೆಗಿದ್ದ ಹುಡುಗರು ರೊಟ್ಟಿ ಬುತ್ತಿ ಬಿಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದರು.

ಪ್ರತಿ ನೆಲೆಗೂ ನೋಟ್‌ಬುಕ್ಕಿನ ಒಂದು ಪುಟ. ಡಬ್ಬಿಯ ಸಂಖ್ಯೆ, ಚಾಲೂ ಮಾಡಿದ ಸಮಯ, ಮಣ್ಣಿನ ಜಾತಿ, ಹತ್ತಿರದ ರಸ್ತೆ, ಕಲ್ಲಿನ ಕ್ರಷರ್, ಗಾಳಿಯಂತ್ರ ಎಷ್ಟು ದೂರ ಎಂಬುದು. ಇವುಗಳ ಜೊತೆಗೆ ಎರಡು ಅಳತೆಗಳನ್ನು ತಪ್ಪದೆ ಬರೆದೆ: ಅಲುಗದ ಎರಡು ಗುರುತುಗಳಿಂದ, ಸಾಮಾನ್ಯವಾಗಿ ಬಾಂದುಕಲ್ಲು ಮತ್ತು ಬದುವಿನ ಬನ್ನಿಮರದಿಂದ, ಟೇಪು ಹಿಡಿದು ಅಳೆದ ದೂರ. ಮೊಬೈಲಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ. ಅಷ್ಟು ಅಗಲದ ಎರೆಹೊಲವನ್ನು ಅಗೆದು ಹುಡುಕುವುದು ಎಂದರೇನೆಂದು ಒಮ್ಮೆ ಅನುಭವಿಸಿದವನು ಟೇಪು ಮರೆಯುವುದಿಲ್ಲ.

ತಿಂಗಳ ನಂತರ ಹನ್ನೆರಡು ಡಬ್ಬಿಗಳು ಇಟ್ಟಲ್ಲಿಯೇ ಸಿಕ್ಕವು. ಹದಿಮೂರನೆಯದರ ಬ್ಯಾಟರಿ ಅರ್ಧ ತಿಂಗಳಿಗೇ ಮುಗಿದಿತ್ತು. ಚಾರ್ಜ್ ಮಾಡುವಾಗ ಸರಿಯಾಗಿ ಕೂರಿಸದೆ ಬಿಟ್ಟದ್ದು ನಾನೇ. ಹದಿನಾಲ್ಕನೆಯದರ ಹೊಲಕ್ಕೆ ಹೋದರೆ ಇಡೀ ಹೊಲ ಟ್ರ್ಯಾಕ್ಟರಿನಿಂದ ಹರಗಿ ಮಟ್ಟಸವಾಗಿತ್ತು. ಬಾಂದುಕಲ್ಲಿನಿಂದಲೂ ಬನ್ನಿಮರದಿಂದಲೂ ಟೇಪು ಎಳೆದು, ಎರಡು ಕೂಡಿದಲ್ಲಿ ಅಗೆದರೆ ಖಾಲಿ ತಗ್ಗಿನ ಮೆತ್ತನೆ ಮಣ್ಣು ಮಾತ್ರ ಸಿಕ್ಕಿತು. ಕಲ್ಟಿವೇಟರಿನ ಹಲ್ಲು ಡಬ್ಬಿಯ ಹಿಡಿಗೆ ಸಿಕ್ಕಿಕೊಂಡಿರಬೇಕೆಂದು ಊಹಿಸಿ, ಸಾಲು ಹೋದ ದಿಕ್ಕನ್ನೇ ಹಿಡಿದು ಹೆಂಟೆ ಸರಿಸುತ್ತ ಹೋದೆವು. ಹನ್ನೊಂದು ಮೀಟರ್ ಆಚೆ ಅದು ಅಂಗಾತ ಬಿದ್ದಿತ್ತು.

ದಾಖಲೆ ಇಳಿಸುವುದು ಯಂತ್ರದ ಕೆಲಸ. ಒಂದು ಡಬ್ಬಿಯದು ಸಂಕುಚಿಸದೆ ದಿನಕ್ಕೆ ಸುಮಾರು 104 ಮೆಗಾಬೈಟ್, ತಿಂಗಳಿಗೆ ಮೂರು ಗಿಗಾಬೈಟ್. ಎರಡು ಡಿಸ್ಕಿಗೆ ನಕಲು ಮಾಡಿ, ಎರಡೂ ಒಂದೇ ಎಂದು ತಾಳೆ ನೋಡುವವರೆಗೆ ಡಬ್ಬಿಯ ಮೆಮೊರಿ ಅಳಿಸಲು ನಾನು ಯಾರನ್ನೂ ಬಿಡಲಿಲ್ಲ. ಆದರೂ ಒಂದು ತಪ್ಪು ನುಸುಳಿತು. ಮಹಾರಾಷ್ಟ್ರದ ಕೊಯ್ನಾ ಭಾಗದ ಒಂದು ಸಣ್ಣ ಕಂಪನ ರಾತ್ರಿ ಹೊತ್ತು ಚೆನ್ನಾಗಿ ದಾಖಲಾಗಿತ್ತು. ನಮ್ಮಿಂದ 300 ಕಿಲೋಮೀಟರ್ ದೂರವಾದ್ದರಿಂದ ಮೊದಲ ಅಲೆಗೂ ಎರಡನೆಯದಕ್ಕೂ ಸುಮಾರು 35 ಸೆಕೆಂಡ್ ಅಂತರವಿತ್ತು, ಅದು ಸರಿಯೇ. ಆದರೆ ಏಳು ನೆಲೆಗಳಲ್ಲಿ ಅದು ಉಳಿದವಕ್ಕಿಂತ 18 ಸೆಕೆಂಡ್ ತಡವಾಗಿ ಬಂದಂತೆ ಕಾಣುತ್ತಿತ್ತು. ಇಡೀ ಗೆರೆಯ ಉದ್ದ ದಾಟಲು ಅಲೆಗೆ ಆರೇಳು ಸೆಕೆಂಡ್ ಸಾಕು. ಹಾಗಿರುವಾಗ ಪಕ್ಕಪಕ್ಕದ ಹೊಲಗಳ ನಡುವೆ 18 ಸೆಕೆಂಡ್ ಅಸಾಧ್ಯ. ಕಾರಣ ಆ 18ರಲ್ಲೇ ಇತ್ತು. ಭೂಮಿಯ ತಿರುಗುವಿಕೆಗೆ ಹೊಂದಿಸಲು ಆಗಾಗ ಕೂಡಿಸುವ ಅಧಿಕ ಸೆಕೆಂಡುಗಳನ್ನು ಜಿಪಿಎಸ್ ಕಾಲಕ್ಕೆ ಸೇರಿಸುವುದಿಲ್ಲ, ಜಗತ್ತಿನ ಪ್ರಮಾಣಿತ ಕಾಲವಾದ ಯುಟಿಸಿಗೆ ಸೇರಿಸುತ್ತಾರೆ. 2017ರ ಜನವರಿ 1ರಿಂದ ಎರಡರ ವ್ಯತ್ಯಾಸ 18 ಸೆಕೆಂಡ್. ಎರಡನೆಯ ದಿನ ಇಳಿಸಿದ ಡಬ್ಬಿಗಳಿಗೆ ತಂತ್ರಾಂಶದ ಒಂದು ಗುರುತು ಬದಲಾಗಿ, ಅವುಗಳ ಸಮಯ ಜಿಪಿಎಸ್ ಕಾಲದಲ್ಲೇ ಉಳಿದಿತ್ತು. ಯಾವ ಡಬ್ಬಿಯನ್ನು ಯಾವ ದಿನ ಇಳಿಸಿದೆವು ಎಂಬುದು ನೋಟ್‌ಬುಕ್ಕಿನಲ್ಲಿ ಇದ್ದುದರಿಂದ ಒಂದು ಮಧ್ಯಾಹ್ನದಲ್ಲಿ ಸರಿಪಡಿಸಿದೆವು.

ಅಂಗಾತ ಬಿದ್ದ ಹದಿನಾಲ್ಕನೆಯ ಡಬ್ಬಿಯ ದಾಖಲೆಯನ್ನು ಕೊನೆಗೆ ತೆರೆದೆ. 23ನೆಯ ದಿನ ಬೆಳಿಗ್ಗೆಯವರೆಗೂ ಅದು ಶುದ್ಧವಾಗಿತ್ತು. ದೂರದ ಗಾಳಿಯಂತ್ರಗಳ ಸಣ್ಣ ಗುಂಯ್‌ಗಾಟವೂ ಕಾಣುತ್ತಿತ್ತು. 9 ಗಂಟೆ 40 ನಿಮಿಷಕ್ಕೆ ಟ್ರ್ಯಾಕ್ಟರ್ ಹೊಲಕ್ಕೆ ಇಳಿದಿದೆ. ಹತ್ತಿರ ಬಂದಾಗ ಗೆರೆ ದಪ್ಪವಾಗುತ್ತದೆ, ದೂರ ಹೋಗಿ ಬದುವಿನಲ್ಲಿ ತಿರುಗುವಾಗ ತೆಳುವಾಗುತ್ತದೆ; ಸಾಲುಗಳನ್ನು ಎಣಿಸಬಹುದಿತ್ತು. ಮೂವತ್ತೊಂದನೆಯ ಸಾಲಿಗೆ ದೊಡ್ಡ ಹೊಡೆತ, ಅಲ್ಲಿಂದ ಮುಂದೆ ಮೇಲೆ ಕೆಳಗಿನ ಅಲುಗಾಟದ ಗೆರೆ ಸತ್ತಂತೆ ನೆಟ್ಟಗೆ. ಅಡ್ಡ ಅಲುಗಾಟದವು ಮಾತ್ರ ಡಬ್ಬಿ ತಲೆಕೆಳಗಾಗಿದ್ದರೂ ಇನ್ನಷ್ಟು ಹೊತ್ತು ಬರೆದಿವೆ, 11 ಗಂಟೆ 25ಕ್ಕೆ ಎಂಜಿನ್ ಬಂದ್ ಆಗುವವರೆಗೆ.

ಹೊಡೆತದ ಆಚೆಗಿನ ಏಳು ದಿನಗಳನ್ನು ಕತ್ತರಿಸಿ ಉಳಿದದ್ದನ್ನು ಬಳಸಿಕೊಂಡೆವು. ಆ ಹೊಲದ ಹಿರಿಯರಿಗೆ ಧನ್ಯವಾದ ಹೇಳಲು ಹೋದಾಗ ಆ ದಿನದ ದಾಖಲೆಯನ್ನು ಅಚ್ಚು ಹಾಕಿದ ಹಾಳೆಯನ್ನೂ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಸಮಯದ ಅಂಕಿಗಳನ್ನು ಎರಡೆರಡು ಸಲ ನೋಡಿ, “ಆ ಟ್ರ್ಯಾಕ್ಟರಿನವ ನನ್ನ ಕಡಿಂದ ಎರಡೂವರಿ ತಾಸಿನ ಬಾಡಿಗಿ ತಗೊಂಡಾನಲ್ರಿ” ಎಂದರು. ಹಾಳೆಯನ್ನು ಕೊಟ್ಟು ಹೋಗಿರೆಂದು ಕೇಳಿದರು. ಊರಿನ ಜಗಳಕ್ಕೆ ಸಾಕ್ಷಿಯಾಗುವುದು ಬೇಡವೆಂದು ಮಡಚಿ ಚೀಲದಲ್ಲಿ ಇಟ್ಟುಕೊಂಡೆ.